ಚಾಚುಗವಾಕ್ಷ: ಮೇಲಂತಸ್ತಿನ ಕಿಟಕಿಯ ರಚನೆ, ಪ್ರಯೋಜನ ಮತ್ತು ಅರ್ಥ

ಭಾರತೀಯ ವಾಸ್ತುವಿನ ಅಧ್ಯಯನದಲ್ಲಿ ದೇವಾಲಯದ ವಿಮಾನ, ಮಂಟಪ, ಕಂಬಗಳಿಗೆ ಅಥವಾ ಮಸೀದಿಯ ಕಮಾನು, ಗುಮ್ಮಟಗಳಿಗೆ ದೊರೆತಿರುವ ಗಮನ ಕಿಟಕಿಗೆ ದೊರೆತಿಲ್ಲ. ಗೋಡೆಯ ಮೈಯಿಂದ ಹೊರಕ್ಕೆ ಚಾಚಿ, ಮದನಕೈಗಳ ಮೇಲೆ ನಿಂತು, ಮೇಲೆ ಸೂರನ್ನು ಹೊತ್ತ ಮೇಲಂತಸ್ತಿನ ಕಿಟಕಿಯನ್ನು ಸಾಮಾನ್ಯವಾಗಿ ಅಲಂಕಾರದ ಪಟ್ಟಿಗೆ ಸೇರಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಅರಮನೆಗಳ ವಿಷಯ ಬಂದಾಗ ‘ರಾಣಿವಾಸದ ಸ್ತ್ರೀಯರು ಮರೆಯಲ್ಲಿ ನಿಂತು ಹೊರಗನ್ನು ನೋಡಲು ಮಾಡಿದ್ದು’ ಎಂಬ ಒಂದೇ ವಾಕ್ಯದ ವಿವರಣೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಈ ವಿವರಣೆ ಕೆಲವು ಕಟ್ಟಡಗಳಿಗೆ ಸಲ್ಲುವುದು ನಿಜ. ಆದರೆ ಅದೇ ರಚನೆಯನ್ನು ಮರೆಯಾಗಲು ಮಾತ್ರವಲ್ಲದೆ ಕಾಣಿಸಿಕೊಳ್ಳಲೂ ಬಳಸಿದ್ದಕ್ಕೆ ಸ್ಪಷ್ಟವಾದ ಐತಿಹಾಸಿಕ ಸಾಕ್ಷ್ಯಗಳಿವೆ. ಈ ಎರಡು ಪ್ರಯೋಜನಗಳ ನಡುವಣ ಸಂಬಂಧವನ್ನು, ಅವೆರಡಕ್ಕೂ ಆಧಾರವಾದ ರಚನಾತತ್ತ್ವವನ್ನು ಹಾಗೂ ಕರ್ನಾಟಕದ ಕೆಲವು ನಿದರ್ಶನಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದವಿಚಾರ

ಉತ್ತರ ಭಾರತದಲ್ಲಿ ಈ ರಚನೆಗೆ ‘ಝರೋಕಾ’ ಎಂಬ ಹೆಸರು ಬಳಕೆಯಲ್ಲಿದೆ. ಇದನ್ನು ಸಂಸ್ಕೃತದ ‘ಜಾಲ’ ಮತ್ತು ‘ಗವಾಕ್ಷ’ ಪದಗಳ ಸಂಯೋಗದಿಂದ ನಿಷ್ಪನ್ನಗೊಳಿಸುವ ನಿಘಂಟುಕಾರರಿದ್ದಾರೆ. ‘ಗವಾಕ್ಷ’ವೆಂದರೆ ಹಸುವಿನ ಕಣ್ಣು. ಆ ಹೆಸರು ತೆರಪಿನ ಆಕಾರವನ್ನು ಹೇಳುತ್ತದೆಯೇ ಹೊರತು ಅದು ಗೋಡೆಯಿಂದ ಮುಂದೆ ಬಂದಿದೆ ಎಂಬುದನ್ನು ಹೇಳುವುದಿಲ್ಲ. ಕನ್ನಡದಲ್ಲಿ ಗವಾಕ್ಷಿ, ಬೆಳಕಿಂಡಿ, ಕಿಟಕಿ, ಜಾಲಂದ್ರ ಮೊದಲಾದ ಪದಗಳಿವೆ. ಮೇಲಂತಸ್ತಿಗೆ ಉಪ್ಪರಿಗೆ, ಮಾಳಿಗೆ ಎಂಬ ಹೆಸರುಗಳಿವೆ. ಚಾಚಿಕೊಂಡಿರುವ ಕಿಟಕಿಯನ್ನೇ ಸೂಚಿಸುವ, ಶಾಸ್ತ್ರಗ್ರಂಥಗಳಲ್ಲಿ ನೆಲೆನಿಂತ ಒಂದು ಪದ ಮಾತ್ರ ಇಲ್ಲ. ಹೀಗಾಗಿ ಬಾಲ್ಕನಿ, ಮೊಗಸಾಲೆ, ಗವಾಕ್ಷ ಇವುಗಳನ್ನು ಒಂದರ ಬದಲಿಗೆ ಇನ್ನೊಂದಾಗಿ ಬಳಸುವುದರಿಂದ ವಿವರಣೆಗಳಲ್ಲಿ ಗೊಂದಲ ಉಂಟಾಗುತ್ತದೆ. ಮೇಲ್ಭಾಗದಲ್ಲಿ ಸೂರು, ಮೂರು ಪಕ್ಕಗಳಲ್ಲಿ ತೆರಪು ಅಥವಾ ಜಾಲರಿ, ಕೆಳಗೆ ಗೋಡೆಯಿಂದ ಹೊರಟ ಆಧಾರ, ಈ ಮೂರು ಲಕ್ಷಣಗಳೂ ಇರುವ ರಚನೆಯನ್ನು ಈ ಲೇಖನದಲ್ಲಿ ‘ಚಾಚುಗವಾಕ್ಷ’ ಎಂದು ಕರೆಯಲಾಗಿದೆ.

ಪ್ರಾಚೀನ ಸಾಕ್ಷ್ಯಗಳು

ಈ ರಚನೆಯ ಹುಟ್ಟನ್ನು ಮಧ್ಯಕಾಲದ ಅರಮನೆಗಳಲ್ಲಿ ಹುಡುಕುವುದು ಸರಿಯಲ್ಲ. ಕ್ರಿ.ಪೂ. 1ನೆಯ ಶತಮಾನದಿಂದ ಕ್ರಿ.ಶ. 1ನೆಯ ಶತಮಾನದವರೆಗಿನ ಅವಧಿಗೆ ಸೇರುವ ಸಾಂಚಿಯ ತೋರಣಗಳ ಮೇಲಿನ ಉಬ್ಬುಚಿತ್ರಗಳಲ್ಲಿ ಬಹು ಅಂತಸ್ತಿನ ನಗರಗೃಹಗಳಿವೆ. ಅರಸರ ಮೆರವಣಿಗೆ ಸಾಗುವಾಗ ಸ್ತ್ರೀಪುರುಷರು ಮೇಲಂತಸ್ತಿನ ಮೊಗಸಾಲೆಗಳಲ್ಲಿ ಕುಳಿತು, ಬಾಗಿ, ಕೆಳಗಿನ ಬೀದಿಯನ್ನು ನೋಡುತ್ತಿರುವ ದೃಶ್ಯಗಳು ಅಲ್ಲಿ ಮತ್ತೆ ಮತ್ತೆ ಬರುತ್ತವೆ. ಆ ಕಟ್ಟಡಗಳು ಮರದವು. ಶಿಲ್ಪಿಗಳು ತಮ್ಮ ಕಣ್ಣೆದುರಿನ ಮರದ ಕಟ್ಟಡಗಳನ್ನು ಕಲ್ಲಿನಲ್ಲಿ ಚಿತ್ರಿಸಿದ್ದಾರೆ. ಅಲ್ಲಿ ನೋಡುವವರು ಮರೆಯಲ್ಲಿಲ್ಲ, ಅವರ ಮುಖಗಳು ಬೀದಿಗೆ ಕಾಣುತ್ತವೆ.

ಕಾವ್ಯಪರಂಪರೆಯೂ ಇದನ್ನೇ ಸಮರ್ಥಿಸುತ್ತದೆ. ಅಶ್ವಘೋಷನ ‘ಬುದ್ಧಚರಿತ’ದ ಮೂರನೆಯ ಸರ್ಗದಲ್ಲಿ ರಾಜಕುಮಾರನನ್ನು ನೋಡಲು, ಕಾಳಿದಾಸನ ‘ರಘುವಂಶ’ ಮತ್ತು ‘ಕುಮಾರಸಂಭವ’ಗಳ ಏಳನೆಯ ಸರ್ಗಗಳಲ್ಲಿ ವರನನ್ನು ನೋಡಲು ಪುರಸ್ತ್ರೀಯರು ಗವಾಕ್ಷಗಳಿಗೆ ಧಾವಿಸುವ ವರ್ಣನೆಗಳಿವೆ. ಇವು ಕವಿಸಮಯವಾಗಿ ಬೆಳೆದವು. ಕವಿಸಮಯವಾಗಬೇಕಾದರೆ ಓದುಗರಿಗೆ ಅದು ಪರಿಚಿತ ನಗರದೃಶ್ಯವಾಗಿರಬೇಕು ಎಂಬುದು ಇಲ್ಲಿ ಗಮನಾರ್ಹ. ಹೀಗೆ ಬೀದಿ ಮತ್ತು ಉಪ್ಪರಿಗೆಗಳ ನಡುವಣ ದೃಷ್ಟಿಸಂಬಂಧ ಪರದೆಯ ಪದ್ಧತಿ ವ್ಯಾಪಕವಾಗುವುದಕ್ಕೆ ಬಹಳ ಹಿಂದಿನದು.

ದೇವಾಲಯ ವಾಸ್ತುವಿನಲ್ಲಿ ಈ ರೂಪ ಎರಡು ಬಗೆಯಲ್ಲಿ ಉಳಿದುಬಂದಿತು. ಮೊದಲನೆಯದು, ಕಿರುರೂಪದ ಅಲಂಕಾರವಾಗಿ. ಬಾದಾಮಿ, ಪಟ್ಟದಕಲ್ಲುಗಳ ಚಾಲುಕ್ಯ ದೇಗುಲಗಳ ಕಪೋತದ ಮೇಲಿನ ಕೂಡುಗಳು ಕಿಟಕಿಯ ನೆನಪನ್ನು ಮಾತ್ರ ಉಳಿಸಿಕೊಂಡ ಮುಖಗಳು. ಎರಡನೆಯದು, ಬಳಕೆಯ ರಚನೆಯಾಗಿ. ಖಜುರಾಹೊದ ದೊಡ್ಡ ದೇಗುಲಗಳ ಮಂಟಪಗಳಲ್ಲಿ ಕಕ್ಷಾಸನ ಸಹಿತವಾದ, ಸೂರು ಹೊತ್ತ ಗವಾಕ್ಷಗಳು ಗೋಡೆಯಿಂದ ಮುಂದೆ ಬಂದಿವೆ. ಆದರೆ ಇವು ನೆಲದಿಂದಲೇ ಎದ್ದ ಅಧಿಷ್ಠಾನದ ಮೇಲೆ ನಿಂತಿವೆ, ಗಾಳಿಯಲ್ಲಿ ಚಾಚಿಲ್ಲ. ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ತೆರೆದ ಮಂಟಪಗಳ ಅಂಚಿನ ಕಕ್ಷಾಸನವೂ ಇದೇ ಕುಟುಂಬಕ್ಕೆ ಸೇರಿದ್ದು. ಕುಳಿತವನ ಬೆನ್ನಿಗೆ ಹೊರಕ್ಕೆ ಬಾಗಿದ ಒರಗು, ತಲೆಯ ಮೇಲೆ ಸೂರು, ಎದುರಿಗೆ ತೆರಪು, ಈ ಮೂರನ್ನೂ ಮೇಲಂತಸ್ತಿಗೆ ಎತ್ತಿ ಮದನಕೈಯ ಮೇಲೆ ಕೂರಿಸಿದರೆ ಚಾಚುಗವಾಕ್ಷ ಸಿದ್ಧವಾಗುತ್ತದೆ.

ರಚನಾತತ್ತ್ವ

ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಅದರ ಎಳೆತದ ಬಲ ಒತ್ತಡದ ಬಲದ ಹತ್ತನೆಯ ಒಂದು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಮೇಲೆ ಭಾರ ಬಿದ್ದಾಗ ಅದರ ಮೇಲ್ಮೈ ಎಳೆತಕ್ಕೆ ಒಳಗಾಗುತ್ತದೆ, ಬಿರುಕು ಅಲ್ಲಿಯೇ ಮೊದಲಾಗುತ್ತದೆ. ಆದ್ದರಿಂದ ಕಲ್ಲಿನಲ್ಲಿ ಚಾಚುಗವಾಕ್ಷವನ್ನು ಕಟ್ಟುವುದು ವಸ್ತುವಿನ ಸ್ವಭಾವಕ್ಕೆ ಎದುರಾಗಿ ಮಾಡುವ ಕೆಲಸ. ಇದಕ್ಕೆ ಕುಶಲಕರ್ಮಿಗಳು ಮೂರು ಉಪಾಯಗಳನ್ನು ಕಂಡುಕೊಂಡಿದ್ದರು.

ಮೊದಲನೆಯದು ಪ್ರತಿಭಾರ. ಚಾಚುಗಲ್ಲಿನ ಹಿಂಭಾಗವನ್ನು ಗೋಡೆಯೊಳಗೆ ಆಳವಾಗಿ ಹುದುಗಿಸಿ ಅದರ ಮೇಲೆ ಗೋಡೆಯನ್ನು ಮುಂದುವರಿಸಲಾಗುತ್ತದೆ. ಸನ್ನೆಗೋಲಿನ ಒಂದು ತುದಿಯನ್ನು ಗವಾಕ್ಷ ಕೆಳಕ್ಕೆ ಎಳೆದರೆ, ಇನ್ನೊಂದು ತುದಿಯನ್ನು ಗೋಡೆಯ ಭಾರ ಒತ್ತಿಹಿಡಿಯುತ್ತದೆ. ಕಟ್ಟಡದ ಮೇಲ್ಭಾಗಕ್ಕೆ ಹೋದಂತೆ ಮೇಲಿರುವ ಗೋಡೆಯ ಎತ್ತರ ಕಡಿಮೆಯಾಗುವುದರಿಂದ ಪ್ರತಿಭಾರವೂ ಕಡಿಮೆಯಾಗುತ್ತದೆ. ಮೇಲಿನ ಅಂತಸ್ತಿನ ಗವಾಕ್ಷದ ನೆತ್ತಿಯ ಮೇಲೆ ಕೈಪಿಡಿಗೋಡೆಯೋ ಮಾಳಿಗೆಯ ದಪ್ಪ ಗಾರೆಯೋ ಬರುವುದು ಈ ದೃಷ್ಟಿಯಿಂದಲೂ ಉಪಯುಕ್ತ.

ಎರಡನೆಯದು ಮೆಟ್ಟಿಲುಚಾಚು. ಒಂದರ ಮೇಲೊಂದು ಕಲ್ಲಿನ ವರಸೆಗಳನ್ನು ಸ್ವಲ್ಪ ಸ್ವಲ್ಪವೇ ಮುಂದೆ ತರುವುದರಿಂದ ಯಾವ ಒಂದು ಕಲ್ಲಿನ ಮೇಲೂ ಪೂರ್ಣ ಎಳೆತ ಬೀಳುವುದಿಲ್ಲ. ರಾಜಸ್ಥಾನದ ಹವೇಲಿಗಳಲ್ಲಿ ಕಮಲದ ಮೊಗ್ಗಿನಂತೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಆಧಾರಗಳು ನೋಟಕ್ಕೆ ಹೂವು, ಲೆಕ್ಕಾಚಾರಕ್ಕೆ ಮೆಟ್ಟಿಲುಚಾಚು.

ಮೂರನೆಯದು ಓರೆ ಆಧಾರ. ಗವಾಕ್ಷದ ಮುಂತುದಿಯಿಂದ ಗೋಡೆಯ ಕೆಳಭಾಗಕ್ಕೆ ಓರೆಯಾಗಿ ಇಳಿಯುವ ಮದನಕೈ ಭಾರವನ್ನು ತನ್ನ ಉದ್ದಕ್ಕೂ ಒತ್ತಡವಾಗಿ ಪರಿವರ್ತಿಸಿ ಗೋಡೆಗೆ ತಲುಪಿಸುತ್ತದೆ. ಇದು ಮೂಲತಃ ಬಡಗಿಯ ಉಪಾಯ. ಮರದಲ್ಲಿ ಕಚ್ಚು ಹಾಕಿ ಬಿಗಿಯುವುದು ಸುಲಭ. ಕಲ್ಲಿನಲ್ಲಿ ಅದನ್ನೇ ಮಾಡಲು ತೆಳುವಾದ ಚಪ್ಪಡಿಯನ್ನು ಮರದ ತೊಲೆಯಂತೆ ಕಡಿದು ಕೂರಿಸಬೇಕಾಗುತ್ತದೆ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ (1117) ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರ ಸ್ಥಾನವೂ ಇದೇ. ಅಲ್ಲಿ ಹೊರೆಗಿಂತ ಶಿಲ್ಪ ಮುಖ್ಯವಾಗಿದ್ದರೂ ಗೋಡೆ ಮತ್ತು ಸೂರಿನ ನಡುವಣ ಕೋನವನ್ನು ತುಂಬುವ ಕಲ್ಪನೆ ಸಮಾನವಾದದ್ದು.

ಉಪಯೋಗದ ದೃಷ್ಟಿಯಿಂದ ಮೂರು ಲಾಭಗಳನ್ನು ಇಲ್ಲಿ ಹೇಳಬಹುದು. ಬೀದಿಯ ನೆಲವನ್ನು ಆಕ್ರಮಿಸದೆಯೇ ಕೊಠಡಿಗೆ ಒಂದಿಷ್ಟು ಸ್ಥಳ ದೊರೆಯುತ್ತದೆ. ಗೋಡೆಯ ಮಟ್ಟದ ಕಿಟಕಿಗೆ ಎದುರುಗಾಳಿ ಮಾತ್ರ ಸಿಕ್ಕರೆ, ಮೂರು ಪಕ್ಕಗಳಲ್ಲಿ ತೆರೆದ ಗವಾಕ್ಷಕ್ಕೆ ಬೀದಿಯ ಉದ್ದಕ್ಕೂ ಬೀಸುವ ಗಾಳಿಯೂ ಸಿಗುತ್ತದೆ. ಹೊರಗಿನ ಪ್ರಖರವಾದ ಬೆಳಕಿಗಿಂತ ಒಳಗೆ ಮಬ್ಬಾಗಿರುವುದರಿಂದ ಜಾಲರಿಯ ಹಿಂದಿನವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಅವರು ಕಾಣುವುದಿಲ್ಲ. ಕೈರೋ ನಗರದ ಮರದ ಮಶ್ರಬಿಯಾಗಳು, ಜೆಡ್ಡಾದ ರೋಶನ್‌ಗಳು, ಕಠ್ಮಂಡು ಕಣಿವೆಯ ನೇವಾರಿ ಮನೆಗಳ ಹೊರಬಾಗಿದ ಕಿಟಕಿಗಳು ಬೇರೆ ಬೇರೆ ಸಮಾಜಗಳಲ್ಲಿ ಇಂಥ ಅಗತ್ಯಗಳಿಗೆ ದೊರೆತ ಉತ್ತರಗಳಾಗಿವೆ.

ಕಾಣಿಸಿಕೊಳ್ಳುವ ಕಿಟಕಿ

ಮಾನಸಿಂಹ ತೋಮರನು (ಆಳ್ವಿಕೆ 1486–1516) ಗ್ವಾಲಿಯರ್ ಕೋಟೆಯಲ್ಲಿ ಕಟ್ಟಿಸಿದ ಅರಮನೆಯನ್ನು 1528ರಲ್ಲಿ ಬಾಬರನು ನೋಡಿ ತನ್ನ ಆತ್ಮಕಥನದಲ್ಲಿ ವರ್ಣಿಸಿದ್ದಾನೆ. ಮದನಕೈ, ಓರೆಸೂರು, ಜಾಲರಿಗಳ ಆ ಶೈಲಿಯನ್ನು ಅಕ್ಬರನ ಕಾಲದ ಆಗ್ರಾ ಮತ್ತು ಫತೇಪುರ ಸಿಕ್ರಿಯ ಕೆಂಪುಕಲ್ಲಿನ ಕಟ್ಟಡಗಳು ಮುಂದುವರಿಸಿದವು. ಅಕ್ಬರನು ಅದಕ್ಕೆ ಹೊಸದೊಂದು ರಾಜಕೀಯ ಕಾರ್ಯವನ್ನೂ ಹೊರಿಸಿದನು. ಅದೇ ‘ಝರೋಕಾ ದರ್ಶನ’. ಪ್ರತಿದಿನ ಬೆಳಗ್ಗೆ ಚಕ್ರವರ್ತಿ ಕೋಟೆಯ ಹೊರಗೋಡೆಯ ಗವಾಕ್ಷದಲ್ಲಿ ಕಾಣಿಸಿಕೊಳ್ಳುವುದು, ಕೆಳಗೆ ನೆರೆದ ಜನ ಅವನನ್ನು ನೋಡುವುದು, ತಮ್ಮ ಅಹವಾಲುಗಳನ್ನು ಹೇಳಿಕೊಳ್ಳುವುದು ಇದರ ಸ್ವರೂಪ. ‘ಐನ್-ಇ-ಅಕ್ಬರಿ’ಯಲ್ಲಿ ಅಬುಲ್ ಫಜಲನು ಇದನ್ನು ಅರಸನ ನಿತ್ಯಕರ್ಮವಾಗಿ ವಿವರಿಸಿದ್ದಾನೆ. ದೇವಾಲಯದಲ್ಲಿ ಭಕ್ತರು ಮೂರ್ತಿಯನ್ನು ಕಾಣುವ ‘ದರ್ಶನ’ವೆಂಬ ಪದವೇ ಇಲ್ಲಿ ಬಳಕೆಯಾಗಿರುವುದು ಆಕಸ್ಮಿಕವಲ್ಲ. ಅರಸನ ಮುಖವನ್ನು ಕಾಣದೆ ಆಹಾರ ಸೇವಿಸದಿದ್ದ ಜನರ ಗುಂಪೊಂದಿತ್ತೆಂಬ ಉಲ್ಲೇಖ ಸಮಕಾಲೀನ ಬರಹದಲ್ಲಿದೆ.

ಜಹಾಂಗೀರನು ಈ ಪದ್ಧತಿಯನ್ನು ಮುಂದುವರಿಸಿದನು. ಆಗ್ರಾ ಕೋಟೆಯ ಶಾಹ್ ಬುರ್ಜಿನಿಂದ ಯಮುನೆಯ ದಡದ ಕಲ್ಲುಕಂಬದವರೆಗೆ 30 ಗಜ ಉದ್ದದ, 60 ಗಂಟೆಗಳಿದ್ದ ‘ನ್ಯಾಯದ ಸರಪಳಿ’ಯನ್ನು ಕಟ್ಟಿಸಿದುದಾಗಿ ಅವನು ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಅರಸನಿಗೂ ಪ್ರಜೆಗೂ ನಡುವಣ ಎತ್ತರದ ಅಂತರವನ್ನು ಗವಾಕ್ಷ ದೃಷ್ಟಿಯಿಂದ ತುಂಬಿದರೆ, ಸರಪಳಿ ದನಿಯಿಂದ ತುಂಬುವ ಉದ್ದೇಶ ಹೊಂದಿತ್ತು.

1616ರಲ್ಲಿ ಅಜ್ಮೇರಿನಲ್ಲಿದ್ದ ಇಂಗ್ಲೆಂಡಿನ ರಾಯಭಾರಿ ಸರ್ ಥಾಮಸ್ ರೋ ದಾಖಲಿಸಿರುವ ಪ್ರಸಂಗವೊಂದು ನಮ್ಮ ಚರ್ಚೆಗೆ ಅತ್ಯಂತ ಮಹತ್ವದ್ದು. ಜಹಾಂಗೀರನು ಗವಾಕ್ಷದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿದ್ದನು. ಪಕ್ಕದ ಇನ್ನೊಂದು ಕಿಟಕಿಯಲ್ಲಿ ಅವನ ಇಬ್ಬರು ಪ್ರಮುಖ ರಾಣಿಯರು ಜೊಂಡಿನ ತಡಿಕೆಯ ಹಿಂದಿದ್ದರು. ಪರದೇಶಿಯನ್ನು ನೋಡುವ ಕುತೂಹಲದಿಂದ ಅವರು ತಡಿಕೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿದಾಗ ರೋ ಮೊದಲು ಅವರ ಬೆರಳುಗಳನ್ನೂ ಅನಂತರ ಒಂದೊಂದಾಗಿ ಕಣ್ಣುಗಳನ್ನೂ ಕಂಡನು. ಒಂದು ಕಿಟಕಿ ಕಾಣಿಸಿಕೊಳ್ಳುವುದಕ್ಕೆ, ಅದರ ಪಕ್ಕದ್ದು ಕಾಣದಂತೆ ನೋಡುವುದಕ್ಕೆ ಮೀಸಲಾಗಿದ್ದವು. ಒಳಗಿರುವವರು ಯಾರು, ನಡುವೆ ತಡಿಕೆಯಿದೆಯೇ ಇಲ್ಲವೇ ಎಂಬುದು ಅದರ ಅರ್ಥವನ್ನು ನಿರ್ಧರಿಸುತ್ತಿತ್ತು. ಆ ತಡಿಕೆಯೂ ಎಷ್ಟು ದುರ್ಬಲವಾಗಿತ್ತೆಂಬುದನ್ನು ಇದೇ ಪ್ರಸಂಗ ತೋರಿಸುತ್ತದೆ.

ಕಾಣಿಸಿಕೊಳ್ಳುವುದು ಆಳ್ವಿಕೆಯ ಅಂಗವಾದಾಗ ಕಾಣಿಸದಿರುವುದು ಅಪಾಯಕರವಾಗುತ್ತದೆ. 1657ರ ಸೆಪ್ಟೆಂಬರಿನಲ್ಲಿ ಷಹಜಹಾನನು ಕಾಯಿಲೆಬಿದ್ದು ಝರೋಕಾದಲ್ಲಿ ಕಾಣಿಸಿಕೊಳ್ಳದಿದ್ದಾಗ ಅವನು ತೀರಿಕೊಂಡನೆಂಬ ವದಂತಿ ಹಬ್ಬಿತು. ರಾಜಕುಮಾರರ ನಡುವೆ ಆಗಲೇ ಹೊಗೆಯಾಡುತ್ತಿದ್ದ ಉತ್ತರಾಧಿಕಾರದ ಕಲಹ ಯುದ್ಧವಾಗಿ ಸಿಡಿಯಲು ಈ ವದಂತಿಯೂ ಒಂದು ಪ್ರೇರಣೆಯಾಯಿತು. ಆ ಯುದ್ಧದಲ್ಲಿ ಗೆದ್ದ ಔರಂಗಜೇಬನು ತನ್ನ ಆಳ್ವಿಕೆಯ 11ನೆಯ ವರ್ಷದಲ್ಲಿ (1668–69), ಮನುಷ್ಯನಿಗೆ ಸಲ್ಲದ ಪೂಜ್ಯಭಾವವೆಂಬ ಕಾರಣದಿಂದ ದರ್ಶನಪದ್ಧತಿಯನ್ನೇ ನಿಲ್ಲಿಸಿದನು.

ಪದ್ಧತಿ ನಿಂತರೂ ಗವಾಕ್ಷದ ಅರ್ಥ ಅಳಿಯಲಿಲ್ಲ. ದೆಹಲಿಯ ಕೆಂಪುಕೋಟೆಯ ಮುಸಮ್ಮನ್ ಬುರ್ಜಿಗೆ ಈಗ ಕಾಣುವ ಚಾಚುಗವಾಕ್ಷವನ್ನು ಸೇರಿಸಿದವನು 19ನೆಯ ಶತಮಾನದ ಆರಂಭದ ಅರಸ ಎರಡನೆಯ ಅಕ್ಬರ್. ಆ ವೇಳೆಗೆ ಅವನ ಅಧಿಕಾರ ಕೋಟೆಯ ಗೋಡೆಗಳಾಚೆಗೆ ಹೆಚ್ಚೇನೂ ಉಳಿದಿರಲಿಲ್ಲ. 1857ರ ಮೇ 11ರಂದು ಮೀರತ್ತಿನಿಂದ ಬಂದ ಸಿಪಾಯಿಗಳು ಬಹಾದೂರ್ ಷಾನನ್ನು ಕರೆದದ್ದು ಅರಮನೆಯ ಗವಾಕ್ಷದ ಕೆಳಗಿನ ನದಿದಡದ ಬಯಲಿನಲ್ಲಿ ನಿಂತು. ಅಹವಾಲು ಹೇಳುವ ಸ್ಥಳ ಯಾವುದೆಂಬುದು ಜನರ ನೆನಪಿನಲ್ಲಿ ಉಳಿದಿತ್ತು. 1911ರ ಡಿಸೆಂಬರ್ 13ರಂದು ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಅದೇ ಕೋಟೆಯ ಝರೋಕಾದಲ್ಲಿ ಜನಸಮೂಹಕ್ಕೆ ಕಾಣಿಸಿಕೊಂಡರು. ಮೊಗಲ್ ಸಂತತಿಯನ್ನು ಅಂತ್ಯಗೊಳಿಸಿದ ಆಳ್ವಿಕೆ ತನ್ನನ್ನು ಆ ಸಂತತಿಯ ವಾರಸುದಾರನೆಂದು ತೋರಿಸಿಕೊಳ್ಳಲು ಅದೇ ಕಿಟಕಿಯನ್ನು ಆಶ್ರಯಿಸಿತು.

ಮರೆಯ ಕಿಟಕಿ

ಜಯಪುರದ ಹವಾ ಮಹಲ್ (1799) ಮರೆಯ ಕಿಟಕಿಯ ಪರಮಾವಧಿ. ಸವಾಯಿ ಪ್ರತಾಪಸಿಂಹನಿಗಾಗಿ ಲಾಲ್‌ಚಂದ್ ಉಸ್ತಾದನು ರೂಪಿಸಿದ ಐದು ಅಂತಸ್ತುಗಳ ಈ ಕಟ್ಟಡದಲ್ಲಿ 953 ಗವಾಕ್ಷಗಳಿವೆಯೆಂದು ಎಣಿಸಲಾಗಿದೆ. ಬೀದಿಗೆ ಕಾಣುವುದು ಅರಮನೆಯ ಮುಂಭಾಗವೆಂದು ತೋರಿದರೂ ಪ್ರವೇಶ ಹಿಂದಿನಿಂದ. ಮೇಲಿನ ಅಂತಸ್ತುಗಳು ಒಂದೇ ಕೊಠಡಿಯಷ್ಟು ದಪ್ಪವಾಗಿವೆ. ಅಂದರೆ ಇಲ್ಲಿ ಗವಾಕ್ಷ ಕಟ್ಟಡದ ಭಾಗವಾಗಿ ಉಳಿಯದೆ ಗವಾಕ್ಷಗಳ ಸಾಲೇ ಕಟ್ಟಡವಾಗಿದೆ. ಅರ್ಧ ಅಷ್ಟಕೋನದ ಅವುಗಳ ಮಡಿಕೆಗಳು ತೆಳುಗೋಡೆಗೆ ಬಿಗಿತವನ್ನೂ ತರುತ್ತವೆ. ನೆರಿಗೆ ಹಾಕಿದ ಕಾಗದ ಚಪ್ಪಟೆ ಕಾಗದಕ್ಕಿಂತ ಗಟ್ಟಿಯಾಗಿ ನಿಲ್ಲುವುದನ್ನು ಇದಕ್ಕೆ ಹೋಲಿಸಬಹುದು.

ಜೈಸಲ್ಮೇರಿನ ವರ್ತಕರ ಹವೇಲಿಗಳು ಮೂರನೆಯ ಒಂದು ಉದ್ದೇಶವನ್ನು ತೋರಿಸುತ್ತವೆ. 19ನೆಯ ಶತಮಾನದ ಆರಂಭದ ಪಟವಾ ಮನೆತನದ ಹವೇಲಿಗಳಲ್ಲಿ ಹಳದಿ ಮರಳುಗಲ್ಲಿನ ಗವಾಕ್ಷಗಳು ಇಕ್ಕಟ್ಟಾದ ಓಣಿಯ ಮೇಲೆ ಒತ್ತೊತ್ತಾಗಿ ಬಾಗಿವೆ. ಇಲ್ಲಿ ಮುಖ್ಯವಾಗಿ ಪ್ರದರ್ಶನಗೊಳ್ಳುವುದು ಮನೆತನದ ಸಂಪತ್ತು. ಹೀಗೆ ಒಳಗಿನವರನ್ನು ಮರೆಮಾಡಿ ಮನೆಯನ್ನು ಮೆರೆಸುವ ಎರಡು ಕೆಲಸಗಳೂ ಒಂದೇ ಕಲ್ಲಿನಲ್ಲಿ ಕೂಡಿಕೊಂಡಿವೆ.

ಕರ್ನಾಟಕದ ನಿದರ್ಶನಗಳು

ಹಂಪೆಯ ‘ರಾಣಿಯ ಸ್ನಾನಗೃಹ’ದಲ್ಲಿ ಸುಮಾರು 15 ಮೀಟರ್ ಚೌಕದ ಕೊಳವನ್ನು ಸುತ್ತುವರಿದ ಪಡಸಾಲೆಯಿಂದ ಕಿಟಕಿಗಳಿರುವ ಮೊಗಸಾಲೆಗಳು ನೀರಿನ ಮೇಲೆ ಚಾಚಿವೆ. ಹೊರಗೋಡೆ ಸರಳವಾಗಿದ್ದು ಗವಾಕ್ಷಗಳೆಲ್ಲ ಒಳಮುಖವಾಗಿವೆ. ಇವು ಮೇಲಂತಸ್ತಿನವಲ್ಲದಿದ್ದರೂ ಬೀದಿಯಿಲ್ಲದೆಡೆಯಲ್ಲೂ ಈ ರೂಪಕ್ಕೆ ಸ್ಥಾನವಿತ್ತೆಂಬುದಕ್ಕೆ ಸಾಕ್ಷಿಯಾಗಿವೆ.

ವಿಜಯಪುರದ ಮೆಹ್ತರ್ ಮಹಲ್ (ಸುಮಾರು 1620) ಕರ್ನಾಟಕದಲ್ಲಿ ಚಾಚುಗವಾಕ್ಷದ ಅತ್ಯುತ್ತಮ ಮಾದರಿ. ಹೆಸರು ಮಹಲ್ ಎಂದಿದ್ದರೂ ಇದು ಹಿಂದಿರುವ ಚಿಕ್ಕ ಮಸೀದಿಯೊಂದರ ಪ್ರವೇಶದ್ವಾರ. ಎರಡು ಸಪೂರವಾದ ಮಿನಾರುಗಳ ನಡುವೆ ಎತ್ತರಕ್ಕೆ ಏರಿರುವ ಈ ದ್ವಾರಕಟ್ಟಡದ ಮುಂಭಾಗದಲ್ಲಿ ಮೇಲಂತಸ್ತಿನ ಗವಾಕ್ಷ ಮುಂದೆ ಚಾಚಿದೆ. ಅದರ ಸೂರನ್ನು ಹೊತ್ತಂತಿರುವ ಓರೆಗಲ್ಲುಗಳನ್ನು ಮರದ ಕೆತ್ತನೆಯಷ್ಟು ತೆಳುವಾಗಿ, ನಾಜೂಕಾಗಿ ಕಡಿಯಲಾಗಿದೆ. ಹಂಸ, ಆನೆ, ಸಿಂಹ ಮೊದಲಾದ ಪ್ರಾಣಿರೂಪಗಳು ಮಸೀದಿಯ ದ್ವಾರದ ಮೇಲೆ ಸ್ಥಾನ ಪಡೆದಿರುವುದು ವಿಶೇಷ. ಎರಡನೆಯ ಇಬ್ರಾಹಿಂ ಆದಿಲ್ ಷಾಹನ (1580–1627) ಕಾಲದ ಮಿಶ್ರ ಕಲಾಭಿರುಚಿ ಮತ್ತು ದಖ್ಖನ್ನಿನ ಶಿಲ್ಪಿಗಳ ಕಲ್ಲಿನ ಕುಶಲತೆ ಇಲ್ಲಿ ಒಂದಾಗಿವೆ ಎನ್ನಬಹುದು. ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ 1866ರ ಗ್ರಂಥ ಹಾಗೂ ಹೆನ್ರಿ ಕಸಿನ್ಸರ 1916ರ ಗ್ರಂಥಗಳು ವಿಜಯಪುರದ ವಾಸ್ತುವನ್ನು ವಿದ್ವತ್‌ಲೋಕಕ್ಕೆ ಪರಿಚಯಿಸಿದವು.

ಅರಸನಿಂದ ಅನಿರೀಕ್ಷಿತವಾಗಿ ಧನ ಪಡೆದ ಜಾಡಮಾಲಿಯೊಬ್ಬನು ಇದನ್ನು ಕಟ್ಟಿಸಿದನೆಂಬ ಐತಿಹ್ಯ ಪ್ರಚಲಿತವಾಗಿದೆ. ‘ಮೆಹ್ತರ್’ ಎಂಬ ಪರ್ಶಿಯನ್ ಪದಕ್ಕೆ ಹಿರಿಯ, ಮುಖಂಡ ಎಂಬ ಮೂಲಾರ್ಥವಿದ್ದು, ಅದು ಮುಂದೆ ಜಾಡಮಾಲಿಗಳಿಗೆ ಸಲ್ಲುವ ಹೆಸರಾಯಿತು. ಆದ್ದರಿಂದ ಹೆಸರಿನಿಂದಲೇ ಕಟ್ಟಿಸಿದವನನ್ನು ಗುರುತಿಸುವುದು ಸಾಧುವಲ್ಲ. ನಮ್ಮ ಚರ್ಚೆಗೆ ಮುಖ್ಯವಾದುದು ಬೇರೆ ಸಂಗತಿ. ಇದು ಅರಮನೆಯಲ್ಲ, ರಾಣಿವಾಸವೂ ಅಲ್ಲ. ಮರೆಯ ವಿವರಣೆ ಇಲ್ಲಿ ಸಲ್ಲುವುದಿಲ್ಲ, ರಾಜದರ್ಶನದ ವಿವರಣೆಯೂ ಸಲ್ಲುವುದಿಲ್ಲ. ಬೀದಿಯಲ್ಲಿ ಸಾಗುವವನ ದೃಷ್ಟಿಯನ್ನು ಮೇಲಕ್ಕೆ ಸೆಳೆದು, ಚಿಕ್ಕ ಮಸೀದಿಗೆ ಅದರ ಗಾತ್ರಕ್ಕೆ ಮೀರಿದ ಘನತೆಯನ್ನು ಗವಾಕ್ಷ ತಂದುಕೊಡುತ್ತದೆ. ಅರಮನೆಯಲ್ಲಿ ಅಧಿಕಾರದ ಗುರುತಾಗಿದ್ದ ರೂಪ ಇಲ್ಲಿ ಗೌರವದ ಗುರುತಾಗಿ ಸ್ಥಾನಾಂತರಗೊಂಡಿದೆ.

ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆ ಹೈದರಾಲಿಯ ಕಾಲದಲ್ಲಿ ಆರಂಭವಾಗಿ 1791ರಲ್ಲಿ ಪೂರ್ಣಗೊಂಡಿತು. ತೇಗದ ಎತ್ತರದ ಕಂಬಗಳ ಹಿಂದೆ ಮೇಲಂತಸ್ತಿನಲ್ಲಿ ಪೂರ್ವ ಹಾಗೂ ಪಶ್ಚಿಮಕ್ಕೆ ಮೊಗಸಾಲೆಗಳಿದ್ದು, ಟಿಪ್ಪು ಅಲ್ಲಿಂದ ದರ್ಬಾರು ನಡೆಸುತ್ತಿದ್ದನೆಂದು ಹೇಳಲಾಗುತ್ತದೆ. ಇಲ್ಲಿ ಗವಾಕ್ಷ ಹೊರಗೋಡೆಯಲ್ಲಿಲ್ಲ, ಮಾಡಿನ ಆಶ್ರಯದೊಳಗಿದೆ. ಈ ಕಾರಣದಿಂದ ಇದನ್ನು ಕೋಟೆಯ ಹೊರಗೋಡೆಯ ದರ್ಶನದ ಝರೋಕಾಕ್ಕಿಂತ, ದೆಹಲಿಯ ದಿವಾನ್-ಇ-ಆಮ್‌ನಲ್ಲಿರುವ ಸಿಂಹಾಸನದ ಝರೋಕಾಕ್ಕೆ ಹೋಲಿಸುವುದು ಹೆಚ್ಚು ಸಮಂಜಸ.

ಸಂರಕ್ಷಣೆಯ ಪ್ರಶ್ನೆ

ಕಟ್ಟಡವೊಂದರಲ್ಲಿ ಬೇಗ ಹಾಳಾಗುವ ಭಾಗಗಳಲ್ಲಿ ಚಾಚುಗವಾಕ್ಷವೂ ಒಂದು. ಸೂರಿನ ಬಿರುಕಿನಿಂದ ಇಳಿದ ನೀರು ಚಾಚುಗಲ್ಲಿನ ಬುಡವನ್ನು ಸೇರಿ ಸುಣ್ಣದ ಗಾರೆಯನ್ನು ಕರಗಿಸುತ್ತದೆ. ಕಲ್ಲುಗಳನ್ನು ಬಂಧಿಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಹಿಗ್ಗಿ ಕಲ್ಲನ್ನೇ ಸೀಳುತ್ತವೆ. ದುರಸ್ತಿಗೆಂದು ಮೇಲ್ಗೋಡೆಯನ್ನು ಬಿಚ್ಚಿದರೆ ಪ್ರತಿಭಾರ ಇಲ್ಲವಾಗಿ ಗವಾಕ್ಷ ಮುಂದಕ್ಕೆ ಬಾಗುವ ಅಪಾಯವಿದೆ. ಅಂಥ ಸಂದರ್ಭದಲ್ಲಿ ಮೊದಲು ಕೆಳಗಿನಿಂದ ಆಸರೆ ಕೊಡುವುದು ಅನಿವಾರ್ಯ. ಸುಣ್ಣದ ಬದಲು ಸಿಮೆಂಟು ಬಳಸಿದರೆ ತೇವ ಹೊರಹೋಗಲು ದಾರಿಯಿಲ್ಲದೆ ಮೃದುವಾದ ಕಲ್ಲು ಚಕ್ಕೆಯೇಳುತ್ತದೆ. 2001ರ ಭುಜ್ ಭೂಕಂಪ ಮತ್ತು 2015ರ ನೇಪಾಳ ಭೂಕಂಪಗಳಲ್ಲಿ ಚಾರಿತ್ರಿಕ ಕಟ್ಟಡಗಳಿಗೆ ಆದ ಹಾನಿ ಇಂಥ ರಚನೆಗಳ ಬಂಧವನ್ನು ಮುಂಚಿತವಾಗಿ ಪರೀಕ್ಷಿಸುವ ಅಗತ್ಯವನ್ನು ಎತ್ತಿತೋರಿಸಿದೆ.

ಕಲ್ಲಿನ ಸಂರಕ್ಷಣೆಯಷ್ಟೇ ಅರ್ಥದ ಸಂರಕ್ಷಣೆಯೂ ಮುಖ್ಯ. ಗವಾಕ್ಷವೊಂದನ್ನು ವಿವರಿಸುವಾಗ ಅದರ ಎತ್ತರ, ಅದು ಮುಖ ಮಾಡಿರುವ ದಿಕ್ಕು, ಜಾಲರಿಯ ಇರುವಿಕೆ, ಅದರ ಹಿಂದಿನ ಕೊಠಡಿಯ ಸ್ವರೂಪ, ಕೆಳಗಿನ ಬಯಲು ಅಥವಾ ಬೀದಿ, ಈ ಐದು ಅಂಶಗಳನ್ನು ದಾಖಲಿಸುವುದು ಅವಶ್ಯಕ. ಕೆಳಗಿನ ಬಯಲನ್ನು ಬಿಟ್ಟು ಗವಾಕ್ಷವನ್ನು ಮಾತ್ರ ಅಳೆದರೆ ಅದರ ಅರ್ಧಭಾಗ ಕೈತಪ್ಪುತ್ತದೆ.

ಸಮಾರೋಪ

ಒಟ್ಟಿನಲ್ಲಿ ಚಾಚುಗವಾಕ್ಷದ ಪೂರ್ವರೂಪಗಳು ಮರದ ನಗರಗೃಹಗಳಲ್ಲಿ ಕಾಣಿಸಿಕೊಂಡು, ದೇವಾಲಯದ ಕಕ್ಷಾಸನದಲ್ಲಿ ಕಲ್ಲಿನ ರೂಪ ಪಡೆದು, ಅರಮನೆಯಲ್ಲಿ ರಾಜಕೀಯ ಅರ್ಥವನ್ನೂ, ಹವೇಲಿಯಲ್ಲಿ ಸಾಮಾಜಿಕ ಅರ್ಥವನ್ನೂ, ವಿಜಯಪುರದ ಮಸೀದಿದ್ವಾರದಲ್ಲಿ ಗೌರವದ ಅರ್ಥವನ್ನೂ ಗಳಿಸಿದುದು ಮೇಲಿನ ವಿವೇಚನೆಯಿಂದ ವಿದಿತವಾಗುತ್ತದೆ. ಅದನ್ನು ರಾಣಿವಾಸದ ಮರೆಯೆಂದಷ್ಟೇ ತಿಳಿದರೆ ಜನರೆದುರು ಕಾಣಿಸಿಕೊಳ್ಳಬೇಕಾಗಿದ್ದ ಅರಸನೂ, ಕೆಳಗೆ ನಿಂತು ಅಹವಾಲು ಹೇಳಿಕೊಂಡ ಪ್ರಜೆಯೂ ಚರಿತ್ರೆಯಿಂದ ಮರೆಯಾಗುತ್ತಾರೆ. ಕರ್ನಾಟಕದ ಕೋಟೆ, ವಾಡೆ, ಗುತ್ತಿನ ಮನೆಗಳ ಮೇಲಂತಸ್ತಿನ ಕಿಟಕಿಗಳನ್ನು ಈ ದೃಷ್ಟಿಯಿಂದ ಕ್ರಮಬದ್ಧವಾಗಿ ದಾಖಲಿಸುವ ಕಾರ್ಯ ಆಗಬೇಕಾಗಿದೆ. ಮರದ ಗವಾಕ್ಷಗಳು ಕಲ್ಲಿನವುಗಳಿಗಿಂತ ಬೇಗ ಕಣ್ಮರೆಯಾಗುವುದರಿಂದ ಆ ಕಾರ್ಯವನ್ನು ಮನೆಗಳಿಂದಲೇ ಆರಂಭಿಸುವುದು ಉಚಿತ.